ಅತ್ತೆ ಅಲ್ಲಾಡಿಸಿ ನೋಡಿದ ಲ್ಯಾಪ್‌ಟಾಪ್

ಎಳನೀರು ಚೆಲ್ಲಿದ್ದ ಲ್ಯಾಪ್‌ಟಾಪನ್ನು ಅತ್ತೆ ಎರಡೂ ಕೈಯಲ್ಲಿ ಎತ್ತಿ, ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿಯೇಬಿಟ್ಟರು. ಅಟ್ಟದ ತೆಂಗಿನಕಾಯಿಯಲ್ಲಿ ಇನ್ನೂ ನೀರಿದೆಯೋ, ಒಣಗಿ ಕೊಬ್ಬರಿಯಾಗಿದೆಯೋ ಎಂದು ನಮ್ಮೂರಲ್ಲಿ ಪರೀಕ್ಷಿಸುವುದೇ ಹಾಗೆ.

“ನೀರು ಆಡ್ತಿಲ್ಲ ಕಣೇ, ಏನೂ ಆಗಿಲ್ಲ ಬುಡು.”

“ಅಜ್ಜೀ, ಇಡು ಕೆಳಗೆ!” ಎಂದು ನನ್ನ ಮಗಳು ಸುಮಾ ಕಿರುಚುವಷ್ಟರಲ್ಲಿ ಪರದೆ ಕಪ್ಪಾಯಿತು.

ಮದುವೆ ವಿಡಿಯೊ ಕೆಲಸಕ್ಕೆಂದು ಸುಮಾ ಕೊಂಡಿದ್ದ ದುಬಾರಿ ಲ್ಯಾಪ್‌ಟಾಪ್ ಅದು. ಬಿಳಿಗೆರೆಯವರ ಮದುವೆ ಪೂರ್ತಿ ಅದರೊಳಗಿತ್ತು. ಕ್ಯಾಮೆರಾದ ಕಾರ್ಡನ್ನು ಆಗಲೇ ಅಳಿಸಿದ್ದಳು.

ತಿಪಟೂರಿನಲ್ಲಿ ರಿಪೇರಿ ಅಂಗಡಿಯ ಸಲೀಂ ಬಿಚ್ಚಿ ನೋಡಿದ. “ಒಳಗೆಲ್ಲಾ ಹರಡೈತೆ ಕಣಮ್ಮ. ಇದ್ರಲ್ಲಿ ವಿಡಿಯೊ ಇರೋ ಚಿಪ್ಪೂ ಬೋರ್ಡಿಗೇ ಬೆಸೆದಿರ್ತಾರೆ. ತೊಳೆದು ನೋಡ್ತೀನಿ. ಆನ್ ಆಗ್ಲಿಲ್ಲ ಅಂದ್ರೆ ಬೋರ್ಡೇ ಹೊಸದು ಹಾಕ್ಬೇಕು, ಮದುವೆ ಹೋದಂಗೆ. ಬೋರ್ಡಿನ ರೇಟಿಗೆ ಇನ್ನೊಂದು ಲ್ಯಾಪ್‌ಟಾಪೇ ಬತ್ತದೆ.”

ಅವನು ಬ್ರಷ್ಷಿನಿಂದ ಉಜ್ಜಿ ಒಣಗಿಸುವವರೆಗೂ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಸುಮಾ ಅವರತ್ತ ಒಮ್ಮೆಯೂ ತಿರುಗಲಿಲ್ಲ. ಸಲೀಂ ಗುಂಡಿ ಒತ್ತಿದ. ಪರದೆ ಕಪ್ಪಾಗಿಯೇ ಇತ್ತು.

ಸಲೀಂ ತಲೆಯೆತ್ತಿ, “ಅಜ್ಜೀ, ಈಗ ಕಿವಿ ಇಟ್ಟು ಕೇಳಿ. ಅಲ್ಲಾಡಿಸ್ಬೇಡಿ ಮತ್ತೆ!” ಎಂದ.

ಅತ್ತೆ ಬಗ್ಗಿದರು. “ಗುಂಯ್ ಅಂತೈತೆ ಕಣೇ ಸುಮಾ, ಫ್ಯಾನು!” ಎನ್ನುವಾಗಲೇ ಪರದೆ ಬೆಳಗಿತು. ಬಾಸಿಂಗ ಕಟ್ಟಿದ ಮದುಮಗಳು ನಗುತ್ತಿದ್ದಳು.

ಈಗಲೂ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಸುಮಾ, “ಅಜ್ಜೀ, ಬಂದು ಕೇಳು” ಎಂದು ಕರೆಯುತ್ತಾಳೆ. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗುತ್ತಾರೆ.