ಹಿನ್ನೀರಿನಾಚೆಯಿಂದ ಬಂದ ಉತ್ತರ

ತುಂಬಿದ ಕೆರೆ ನೋಡಿ ಹೆದರುವವಳಲ್ಲ ನಾನು. ನೀರಿಳಿದ ಹಿನ್ನೀರು ಮಾತ್ರ ನನಗೆ ಕಂಡರಾಗದು. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು, ನೋಡಲು ಅಂಗಳದ ಹಾಗೆ ಗಟ್ಟಿ. ನಂಬಿ ಕಾಲಿಟ್ಟರೆ ಒಳಗೆ ಬರೀ ಕೆಸರು. ಇದೆಲ್ಲ ಈಗ ಗೊತ್ತು, ಆ ದಿನ ಗೊತ್ತಿರಲಿಲ್ಲ.

ನಮ್ಮ ಮನೆಯವರಿಗೆ ಕೆರೆಯ ಹುಚ್ಚು. ರಜೆ ಬಂತೆಂದರೆ ಶಿರಸಿಯ ಮನೆಯಲ್ಲಿ ಅವರ ಕಾಲು ನಿಲ್ಲುವುದಿಲ್ಲ. ಸಿದ್ದಾಪುರದ ಕಡೆಯ ಕೆರೆಗಳಾದವು, ಮಂಚಿಕೇರಿ ಕಡೆಯವೂ ಆದವು. ಆ ಬೇಸಿಗೆಯಲ್ಲಿ ಯಲ್ಲಾಪುರದಾಚೆಯ ಕಾಳಿ ಹಿನ್ನೀರಿಗೇ ಹೋಗಬೇಕೆಂದು ಹಟ ಹಿಡಿದರು. ನಾನು ಹಾನಗಲ್ ಕಡೆಯವಳು. ನಮ್ಮಲ್ಲಿ ಕೆರೆಗೆ ಹೋಗುವುದೆಂದರೆ ಬಟ್ಟೆ ಒಗೆಯಲು, ಇಲ್ಲವೇ ಎಮ್ಮೆಯ ಮೈ ತೊಳೆಯಲು. ಸುಮ್ಮನೆ ನೀರು ನೋಡಲು ಪೆಟ್ರೋಲ್ ಸುಟ್ಟುಕೊಂಡು ಹೋಗುವವರನ್ನು ನಾನು ಕಂಡದ್ದು ಮದುವೆಯಾದ ಮೇಲೆಯೇ. ಹೀಗೆ ಗೊಣಗುತ್ತಲೇ ಕಾರು ಹತ್ತಿದೆ. ಅತ್ತೆ ತೆಳ್ಳೇವು ದೋಸೆಯ ಡಬ್ಬಿ, ಮಾವಿನಕಾಯಿಯ ಅಪ್ಪೆಹುಳಿಯ ಬಾಟಲಿ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಾನು ಮತ್ತು ಆರು ವರ್ಷದ ಮಗಳು.

ನಾವು ಹೋದ ಜಾಗದಲ್ಲಿ ಹಿನ್ನೀರು ನಾಲಗೆ ಚಾಚಿದ ಹಾಗೆ ಕಾಡಿನೊಳಗೆ ನುಗ್ಗಿ ಬರುತ್ತದೆ. ಬೇಸಿಗೆಯಾದ್ದರಿಂದ ಆ ನಾಲಗೆ ಒಣಗಿ ಮಣ್ಣಿನ ಬಯಲಾಗಿತ್ತು. ಮುಳುಗಡೆಯಾದ ಕಾಡಿನ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಈಚೆ ದಡದಲ್ಲಿ, ಮತ್ತಿಮರದ ನೆರಳಿಗೆ ಜಮಖಾನೆ ಹಾಸಿದೆವು. ಆಚೆ ದಡದಲ್ಲಿ ಒಂದು ಸಣ್ಣ ಹಳ್ಳವಿತ್ತು. ಸೌತೆಕಾಯಿ ತೊಳೆದು ಕೊಡ ತುಂಬಿಸಿಕೊಂಡು ಬರುತ್ತೇನೆಂದು ಅತ್ತೆ ದಡದ ಮೇಲಿನಿಂದ ಸುತ್ತು ಹಾಕಿ ಅಲ್ಲಿಗೆ ಹೋದರು. ಇವರು ಚಾಕು ಕಾರಿನಲ್ಲೇ ಉಳಿಯಿತೆಂದು ನೆನಪಾಗಿ ರಸ್ತೆಯ ಕಡೆ ಹೊರಟರು. ಮಗಳು ಮಣ್ಣಿನ ಬಿರುಕುಗಳಿಗೆ ಕಡ್ಡಿ ಸಿಕ್ಕಿಸುತ್ತ ನನ್ನ ಕಣ್ಣೆದುರಿಗೇ ಆಡುತ್ತಿದ್ದಳು.

ಡಬ್ಬಿಗಳನ್ನು ಬಿಚ್ಚಿಟ್ಟು ತಲೆ ಎತ್ತಿದರೆ ಅವಳಿಲ್ಲ.

ಅಜ್ಜಿಯ ಬಾಲ ಅವಳು. ಹಿಂದಿನಿಂದಲೇ ಓಡಿರಬೇಕು ಅಂದುಕೊಂಡೆ. ಆದರೂ ಜೀವ ಕೇಳಬೇಕಲ್ಲ, ದಡದ ಅಂಚಿಗೆ ಬಂದು ಗಂಟಲು ಹರಿಯುವ ಹಾಗೆ ಕೂಗಿದೆ.

"ಅತ್ತೀ! ಪುಟ್ಟಿ ಅಲ್ಲೇ ಅದಾಳೇನ್ರಿ?"

ಆಚೆಯ ಪೊದೆಗಳ ನಡುವೆ ಅವರ ಹಸಿರು ಸೀರೆ ಅಲುಗಿತು. ಗಾಳಿ ಎದುರಾಗಿತ್ತು. ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಪದ.

"ಇಲ್ಲೆ!"

ಸದ್ಯ, ಅಲ್ಲೇ ಇದ್ದಾಳೆ. ಕೈ ಎತ್ತಿ "ಆತ್ರಿ!" ಎಂದು ಕೂಗಿ ಬಂದು ಕೂತೆ. ಬಾಳೆ ಎಲೆ ಒರೆಸಿದೆ, ಲೋಟಗಳನ್ನು ಸಾಲಾಗಿ ಇಟ್ಟೆ. ನೆರಳಿಗೆ ಕಾಲು ಚಾಚಿ, ಪರವಾಗಿಲ್ಲ, ಜಾಗ ಚೆನ್ನಾಗಿದೆ ಎಂದೂ ಒಂದು ಕ್ಷಣ ಅನ್ನಿಸಿತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಇವರು ಚಾಕು ಹಿಡಿದು ಬಂದು, "ಪುಟ್ಟಿ ಎಲ್ಲಿ?" ಅಂದರು.

"ಅತ್ತಿ ಹತ್ರ ಅದಾಳ."

ಅಷ್ಟರಲ್ಲಿ ಅತ್ತೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ದಡದ ಮೇಲಿನ ದಾರಿಯಲ್ಲಿ ಬರುತ್ತಿದ್ದರು. ಒಬ್ಬರೇ. ನಾನು ಅವರ ಹಿಂದೆ ನೋಡಿದೆ. ಅವರು ನಮ್ಮಿಬ್ಬರ ನಡುವೆ ನೋಡಿದರು.

"ಕೂಸು ಎಲ್ಲೋತು? ನಿಂಗಳ ಹತ್ರ ಇಲ್ಯಾ?"

ಕೊಡ ಜಾರಿ ಬಿತ್ತು. ಇವರು ರಸ್ತೆಯ ಕಡೆಗೆ ಓಡಿದರು. ಅತ್ತೆ ಬಂದ ದಾರಿಯಲ್ಲೇ ತಿರುಗಿ ಹಳ್ಳದತ್ತ ಓಡಿದರು. ಆ ವಯಸ್ಸಿನಲ್ಲಿ ಹಾಗೆ ಓಡಿದ್ದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ನಾನು ನೀರಿನ ಕಡೆ ನಡೆದೆ. ಯಾಕೆಂದರೆ ಮಗುವನ್ನು ಕಣ್ತಪ್ಪಿಸಿಕೊಂಡವಳು ನಾನು, ಅಲ್ಲಿಗೆ ಹೋಗಬೇಕಾದವಳೂ ನಾನೇ ಅಂತ ನನಗೆ ಗೊತ್ತಿತ್ತು. ನೀರು ಎಷ್ಟು ಸುಮ್ಮನಿತ್ತೆಂದರೆ ಅದರ ಮೇಲೆ ಸಿಟ್ಟು ಬಂತು. ಯವ್ವಾ, ಏನಾದರೂ ಆಗಿದ್ದರೆ ನಾನೂ ಮನೆಗೆ ವಾಪಸ್ ಹೋಗುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ. ಇದು ಉತ್ಪ್ರೇಕ್ಷೆಯಲ್ಲ.

"ಪುಟ್ಟೀ" ಎಂದು ಕೂಗಿದೆ. ಕಾಡು ಅದನ್ನೇ ತಿರುಗಿಸಿ ಕೊಟ್ಟಿತು. ಮತ್ತೆ ಕೂಗಿ, ಉಸಿರು ಬಿಗಿಹಿಡಿದು ನಿಂತೆ. ಆಗ ಮಣ್ಣಿನ ಬಯಲಿನ ನಡುವಿನ ಒಂದು ದಿಬ್ಬದಾಚೆಯಿಂದ ಬೆಕ್ಕಿನ ಮರಿ ನರಳಿದಂಥ ಸದ್ದು ಕೇಳಿಸಿತು. ಓಡಿ ದಿಬ್ಬ ಹತ್ತಿ ನೋಡಿದೆ.

ಅಜ್ಜಿಯ ಹತ್ತಿರ ಹೋಗಲು ಸುತ್ತುದಾರಿ ಯಾಕೆ ಎಂದು ಅವಳು ನೆಟ್ಟಗೆ ಬಯಲಿಗೇ ಇಳಿದಿದ್ದಳು. ದಿಬ್ಬ ದಾಟಿದ್ದಾಳೆ, ಅಲ್ಲಿ ನೆಲ ಒಳಗೆ ಎಳೆದುಕೊಂಡಿದೆ. ಸೊಂಟದವರೆಗೂ ಕೆಸರು. ಒಂದು ಬೊಡ್ಡೆಯನ್ನು ತಬ್ಬಿಕೊಂಡು, ಕೂಗಿ ಕೂಗಿ ಗಂಟಲು ಕಟ್ಟಿ, ಬಾಯಿ ಮಾತ್ರ ಅಲುಗಿಸುತ್ತಿದ್ದಳು.

ನಾನು ನುಗ್ಗಿದೆ. ನಾಲ್ಕು ಹೆಜ್ಜೆಗೆ ಮೊಣಕಾಲು ಮುಳುಗಿತು. ಒಂದು ಕಾಲು ಕಿತ್ತರೆ ಇನ್ನೊಂದು ಇನ್ನೂ ಒಳಗೆ. ಮಗಳು ನನ್ನನ್ನು ನೋಡಿದವಳೇ ಬೊಡ್ಡೆಯನ್ನು ಬಿಟ್ಟು ಎರಡೂ ಕೈ ಚಾಚಿದಳು. ಚಾಚಿದ್ದೇ ತಡ, ಎದೆಯವರೆಗೆ ಇಳಿದಳು.

"ತಂಗೀ! ಕೈ ಬಿಡಡ! ಬೊಡ್ಡೆ ಗಟ್ಟಿ ಹಿಡ್ಕ!"

ಆಚೆ ದಡದಿಂದ ಅತ್ತೆಯ ದನಿ. ಮೊಮ್ಮಗಳನ್ನು ಗದರುವ ದನಿಯದು. ಮಗು ಬೆಚ್ಚಿ ಮತ್ತೆ ಬೊಡ್ಡೆಯನ್ನು ತಬ್ಬಿತು. "ಅಳಡ. ಅಲ್ಲಾಡಡ. ಅಪ್ಪ ಬತ್ತಾ ಇದ್ದಾ, ನೋಡು" ಎಂದು ಅವರು ಮಾತು ನಿಲ್ಲಿಸದೆ ಹೇಳುತ್ತಲೇ ಇದ್ದರು.

ಇವರು ಜಮಖಾನೆಯನ್ನು ಎಳೆದು ತಂದರು. ಇಟ್ಟಿದ್ದ ಎಲೆ, ಲೋಟ ಎಲ್ಲ ಚೆಲ್ಲಾಪಿಲ್ಲಿ. ಕೆಸರಿನ ಮೇಲೆ ಅದನ್ನು ಹಾಸಿ, ಹೊಟ್ಟೆಯ ಮೇಲೆ ಮಲಗಿ ತೆವಳಿದರು. ಅವಳ ಕಂಕುಳಿಗೆ ಕೈ ಹಾಕಿ ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಕೆಸರು ಬಿಡಲೊಲ್ಲದು. ಕೊನೆಗೆ ಕಾಲ ಸುತ್ತ ಕೈಯಿಂದಲೇ ತೋಡಿ ತೋಡಿ, ನಿಧಾನಕ್ಕೆ ಅಲುಗಿಸಿ ಮೇಲೆತ್ತಿದರು. ಆಮೇಲೆ ಅದೇ ಜಮಖಾನೆಯ ತುದಿಯನ್ನು ನನ್ನ ಕಡೆ ಎಸೆದರು. ನಾನು ಹೇಗೆ ಹೊರಬಂದೆ ಎನ್ನುವುದು ನನಗೆ ನೆನಪಿಲ್ಲ.

ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಮರದ ಬುಡದಲ್ಲಿ ಕೂತೆ. ಅತ್ತೆ ಬಂದರು. ಅವರ ಮುಖ ಕಂಡದ್ದೇ ನನ್ನ ಭಯವೆಲ್ಲ ಸಿಟ್ಟಾಯಿತು.

"ಇಲ್ಲೇ ಅದಾಳ ಅಂದ್ರಲ್ರಿ! ನಂಬಿ ಕುಂತಿದ್ನಲ್ರಿ ನಾನು!"

"ಆನು 'ಇಲ್ಲೆ' ಹೇಳ್ದಿ," ಅಂದರು ಅತ್ತೆ. ತಲೆ ಅಡ್ಡಡ್ಡ ಆಡಿಸುತ್ತ ಇನ್ನೊಮ್ಮೆ, "ಇಲ್ಲೆ! ನೀ ಕೈ ಎತ್ತಿದೆ. ನಿಂಗೆ ಕೂಸು ಕಂಡತ್ತು ಕಾಣ್ತು ಅಂದ್ಕಂಡಿ."

ಆಗ ತಿಳಿಯಿತು. ಅವರ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ನನಗದು ಗೊತ್ತಿಲ್ಲದ್ದೇನಲ್ಲ, ತಾಯಿ ಮಗ ಮಾತಾಡುವಾಗ ದಿನವೂ ಕೇಳುತ್ತೇನೆ. ಆದರೆ ನನ್ನೊಡನೆ ಅತ್ತೆ ಆ ಮಾತಾಡಿದವರೇ ಅಲ್ಲ. ಅಡುಗೆಮನೆಯ ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಸಾಕು, ಅರ್ಧ ಹೇಳಿದ ಮಾತನ್ನೂ ಬದಲಿಸಿ, ಬ್ಯಾಂಕಿನವರೊಡನೆ ಆಡುವ ಕನ್ನಡಕ್ಕೆ ಹೊರಳುತ್ತಿದ್ದರು. 'ಇಲ್ಲ, ಸಕ್ಕರೆ ಮುಗಿದಿದೆ', 'ಇಲ್ಲ, ನೀನು ಮಲಗು.' ಮರ್ಯಾದೆಗೆ ಎನ್ನುತ್ತಿದ್ದರು ಇವರು. ಅಂಥ ಮರ್ಯಾದೆ ನೆಂಟರಿಗೆ ಕೊಡುವಂಥದ್ದು. ಅದು ನನ್ನನ್ನು ಎಷ್ಟು ಸುಟ್ಟಿದೆ ಎಂದು ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿಬಿಟ್ಟೆ.

"ಮದುವಿಯಾಗಿ ಇಷ್ಟು ವರ್ಷಾತು. ಒಂದ್ ದಿನಾನೂ ನನ್ನ ಕೂಡ ನಿಮ್ಮ ಮಾತು ಆಡಲಿಲ್ಲ ನೀವು. ಇವತ್ತೇ ಆಡಬೇಕಾಗಿತ್ತೇನ್ರಿ ಅತ್ತಿ?"

ಇವರು "ಸುಮ್ನಿರು" ಅಂದರು. ನಾನು ಸುಮ್ಮನಿರಲಿಲ್ಲ, ಇನ್ನೂ ಏನೇನೋ ಅಂದೆ. ಅತ್ತೆ ಸೆರಗಿನ ತುದಿಯಿಂದ ಮೊಮ್ಮಗಳ ಕಾಲಿನ ಕೆಸರು ಒರೆಸುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ತಲೆ ಎತ್ತದೆ ಹೇಳಿದರು:

"ಅಷ್ಟು ದೂರದಿಂದ ನೀ ಕೂಗಿದ್ದು, ನಮ್ಮನೆಯವು ಕೂಗಿದಾಂಗೇ ಕೇಳ್ಚು. ನೀ ಹೊರಗಿನವ್ಳು ಹೇಳೂದೇ ಯಂಗೆ ಮರ್ತೋತು."

ನಾನು ಹೊರಗಿನವಳು ಎನ್ನುವುದನ್ನು ಅವರು ಹಾಗೊಮ್ಮೆ ಮರೆಯಲಿ ಎಂದು ಎಷ್ಟು ವರ್ಷ ಕಾದಿದ್ದೆ. ಮಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, ಅತ್ತೆಯ ಎದುರಿಗೇ ಜೋರಾಗಿ ಅತ್ತುಬಿಟ್ಟೆ.