ಚಿಗವ್ವ ಮಾಡಿದ ಕಾಲುಸೂಪು

ರಾಯಚೂರಿನ ನಮ್ಮ ಓಣಿಯ ತುದಿಗೆ ಒಂದು ಮಟನ್ ಅಂಗಡಿಯಿದೆ. ಭಾನುವಾರ ಬೆಳಿಗ್ಗೆ ಅದರ ಮುಂದೆ ಕುರಿಯ ತಲೆ, ಕಾಲುಗಳನ್ನು ಗ್ಯಾಸಿನ ಉರಿಯಲ್ಲಿ ಸುಡುತ್ತಾರೆ. ಕೂದಲು ಸೀದ ಆ ಕಮಟು ವಾಸನೆ ಕಿಟಕಿಯಿಂದ ಒಳಗೆ ಬಂದರೆ ನನ್ನ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಎಲುಬಿಲ್ಲದ ಕೋಳಿ, ಅದೂ ಕೆಂಪಗೆ ಕರಿದದ್ದು. ನಾನು ಮಾತ್ರ ಕಿಟಕಿ ಮುಚ್ಚುವುದಿಲ್ಲ. ಆ ಹೊಗೆಯ ಜೊತೆ ದೇವದುರ್ಗದ ನಮ್ಮ ಮನೆಯ ಹಿತ್ತಲು ಬರುತ್ತದೆ. ಹತ್ತಿಕಟ್ಟಿಗೆಯ ಉರಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಹನುಮಂತ ಕಾಕಾ ಬರುತ್ತಾನೆ. ಬಾಗಿಲ ಮರೆಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತ ಅವನ ಹೆಂಡತಿ, ನನ್ನ ಶರಣಮ್ಮ ಚಿಗವ್ವ ಬರುತ್ತಾಳೆ.

ಕಾಕಾ ನನ್ನ ಅಪ್ಪನ ತಮ್ಮ. ಆಗೆಲ್ಲ ನಮ್ಮಂಥವರ ಮನೆಗೆ ಮಾಂಸ ಬರುತ್ತಿದ್ದದ್ದು ಕಿಲೋ ಲೆಕ್ಕದಲ್ಲಿ ಅಲ್ಲ. ಓಣಿಯವರು ಕೂಡಿ ಒಂದು ಕುರಿ ತಂದು, ಯಾರದೋ ಅಂಗಳದಲ್ಲಿ ಕೊಯ್ದು, ಮುತ್ತುಗದ ಎಲೆಗಳ ಮೇಲೆ ಪಾಲು ಹಾಕುತ್ತಿದ್ದರು. ನಮ್ಮ ಪಾಲು ಮನೆಗೆ ಬಂದದ್ದೇ ತಡ, ಜಗ್ಗಾಟ ಶುರು. ಅಪ್ಪನಿಗೆ ಬೋಟಿ ಬೇಕು. ನನಗೆ ಕೆಂಡದಲ್ಲಿ ಸುಟ್ಟ ಕಾಳಿಜದ ಚೂರು ಬೇಕು. ಅವ್ವನಿಗೆ ನಳ್ಳಿ ಎಲುಬು ಇಷ್ಟ. ಅಡುಗೆ ಮಾತ್ರ ಕಾಕಾನದೇ. ಹೆಂಗಸರು ಖಾರ ಹುರಿಯುವಾಗ ಅವಸರ ಮಾಡುತ್ತಾರೆ ಎಂಬುದು ಅವನ ತಕರಾರು. ಅವ್ವ ನಕ್ಕು ಸುಮ್ಮನಾಗುತ್ತಿದ್ದಳು, ಅವಳಿಗೂ ಒಂದು ಹೊತ್ತು ಬಿಡುವು.

ಕಾಕಾ ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಹಮಾಲಿ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಚಿಗವ್ವ ಮಾನ್ವಿಯವಳು, ಅದೇ ಮಿಲ್ಲಿಗೆ ಹತ್ತಿ ಆರಿಸಲು ಬರುತ್ತಿದ್ದಳು. ಅವಳ ತವರಿನಲ್ಲಿ ಎಲ್ಲರ ಕೊರಳಲ್ಲೂ ಲಿಂಗ, ಮನೆಯೊಳಗೆ ತತ್ತಿ ಕೂಡ ಬರುವಂತಿಲ್ಲ. ಇಬ್ಬರೂ ಮನಸ್ಸು ಮಾಡಿ ಮದುವೆಯಾದರು, ತವರಿನವರು ಯಾರೂ ಬರಲಿಲ್ಲ. ಬಂದ ದಿನ ನಮ್ಮ ಅಡುಗೆಮನೆ ನೋಡಿ ಅವಳು ಅಳುತ್ತ ಕುಳಿತಾಗ ಅವ್ವ ಕೆಮ್ಮಣ್ಣು ಕಲಸಿ ಪಡಸಾಲೆಯ ಮೂಲೆಯಲ್ಲಿ ಇನ್ನೊಂದು ಒಲೆ ಹಾಕಿದಳು. "ನಿನ್ನ ಒಲಿ ನಿನಗ, ನಮ್ಮ ಒಲಿ ನಮಗ. ಇಷ್ಟಕ್ಕ ಯಾಕ ಅಳ್ತಿ?" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಒಲೆ ಉರಿದವು. ಕಾಕಾ ಎರಡರ ಮುಂದೆಯೂ ಕುಳಿತು ಉಂಡ. ಮಾಂಸದೂಟ ಮುಗಿಸಿ, ಕೈ ಬಾಯಿ ತೊಳೆದು, ಅವಳ ಪುಂಡಿಪಲ್ಯಕ್ಕೆ ಮತ್ತೊಂದು ರೊಟ್ಟಿ ಮುರಿಯುತ್ತಿದ್ದ. ಅಷ್ಟು ಸುಖವಾಗಿ ಉಣ್ಣುವ ಮನುಷ್ಯರನ್ನು ನಾನು ಆಮೇಲೆ ಕಂಡಿಲ್ಲ.

ಆಮೇಲೆ ಅವನಿಗೆ ಕೆಮ್ಮು ಹತ್ತಿತು. ಟಿಬಿ ಅಂದರು. ಗುಳಿಗೆ ತಪ್ಪಿಸಬೇಡಿ, ತತ್ತಿ, ಮಾಂಸ ಚೆನ್ನಾಗಿ ಕೊಡಿ ಎಂದರು ಡಾಕ್ಟರು. ಅಗಿಯುವ ತ್ರಾಣವೇ ಇಲ್ಲದವನಿಗೆ ಇಳಿಯುತ್ತಿದ್ದದ್ದು ಕಾಲುಸೂಪು ಮಾತ್ರ. ಅಪ್ಪನ ಕೂಲಿಯಲ್ಲಿ ಅವನ ಕಾಲುಸೂಪು, ನಮ್ಮ ಪಾಲಿನ ಕುರಿ ಎರಡೂ ಸಾಗುವಂತಿರಲಿಲ್ಲ. ಪಾಲು ನಿಂತಿತು. ಅವ್ವ ನಸುಕಿನಲ್ಲೇ ಸಿರವಾರದ ಕಡೆ ಭತ್ತ ನಾಟಿಗೆ ಟ್ರ್ಯಾಕ್ಟರ್ ಹತ್ತುತ್ತಿದ್ದಳು. ಸೂಪು ಮಾಡುವವರು ಯಾರು?

ಒಂದು ಬೆಳಿಗ್ಗೆ ಚಿಗವ್ವ ಕೊರಳ ಲಿಂಗಕ್ಕೆ ಬಟ್ಟೆ ಸುತ್ತಿ, ರವಿಕೆಯೊಳಗೆ ಸೇರಿಸಿ, ಹಿತ್ತಲಿಗೆ ಹೋಗಿ ಉರಿ ಹಚ್ಚಿದಳು. ಕಾಕಾ ಹೊರಸಿನ ಮೇಲೆ ಮಲಗಿಯೇ ಹೇಳಿಕೊಟ್ಟ: ಹೀಗೆ ಸುಡು, ಹೀಗೆ ಕೆರೆ, ಅರಿಶಿನ ಹಚ್ಚಿ ತೊಳೆ. ಅವಳು ನಡುವೆ ಎದ್ದು ಹೋಗಿ ಗೋಡೆಯ ಆಚೆ ವಾಂತಿ ಮಾಡಿಕೊಂಡು ಬಂದು ಮತ್ತೆ ಕುಳಿತಳು.

"ಚಿಗವ್ವ, ಹೇಸಿಗಿ ಬರಾಂಗಿಲ್ಲೇನು?" ಅಂದೆ.

"ಬರ್ತದ ಯವ್ವಾ. ನಿಮ್ಮ ಕಾಕಾ ಉಳೀಬೇಕಲ್ಲ."

ಮನೆಯಲ್ಲಿ ಮಾಂಸವೆಂದರೆ ಅವನ ಆ ಒಂದು ಬಟ್ಟಲಷ್ಟೇ ಆಗಿದ್ದ ದಿನಗಳವು. ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. "ಲೇ ಮಲ್ಲಿ, ಬಾ, ಒಂದು ಗುಟುಕು ಕುಡಿ" ಎಂದು ಕಾಕಾ ಕರೆಯುತ್ತಿದ್ದ. ನಾನು ಹೋಗುತ್ತಿರಲಿಲ್ಲ.

ಕಾಕಾನ ಜಡ್ಡಿನ ಸುದ್ದಿ ತಿಳಿದು ಮಾನ್ವಿಯಿಂದ ಚಿಗವ್ವನ ಅಣ್ಣ ಬಂದರು. ಮನೆಯನ್ನು ಬಳಸಿ ಹಿತ್ತಲಿಗೆ ಬಂದವರು, ತಂಗಿ ಉರಿಯ ಮುಂದೆ ಕುರಿಯ ಕಾಲು ಹಿಡಿದು ಕುಳಿತದ್ದನ್ನು ಕಂಡು ನಿಂತುಬಿಟ್ಟರು.

"ಇದನ್ನೂ ಕಲ್ತೇನು ಶರಣಿ?"

"ಕಲೀಲಾಕತ್ತೀನಿ ಅಣ್ಣಾ. ಇನ್ನಾ ರುಚಿ ಬಂದಿಲ್ಲ ಅಂತಾರ" ಅಂದಳು, ತಲೆ ಎತ್ತದೆ.

ಅವರು ಒಳಗೆ ಬರಲಿಲ್ಲ. ತಂದಿದ್ದ ಮೋಸಂಬಿಯ ಚೀಲವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದರು.

ಕಾಕಾ ಉಳಿಯಲಿಲ್ಲ. ಮುಂದಿನ ಹತ್ತಿ ಬಿಡಿಸುವ ಹೊತ್ತಿಗೆ ಹೊರಸು ಖಾಲಿಯಾಗಿತ್ತು. ತವರಿನಿಂದ ಹೇಳಿಕಳಿಸಿದರು: ಮಠಕ್ಕೆ ಹೋಗಿ ಶುದ್ಧ ಮಾಡಿಸಿಕೊಂಡು ಮನೆಗೆ ಬಾ. ಚಿಗವ್ವ ಹೋಗಲಿಲ್ಲ. "ಹೋದರ, ನಾ ಮಾಡಿದ್ದು ತಪ್ಪಂತ ಒಪ್ಪಿಕೊಂಡಂಗ ಆಗ್ತದಕ್ಕಾ" ಎಂದು ಅವ್ವನಿಗೆ ಹೇಳಿದಳು. ಅವ್ವನ ಜೊತೆ ನಾಟಿಗೆ ಹೋದಳು, ನನ್ನ ತಲೆ ಬಾಚಿದಳು, ನನ್ನ ಬಾಣಂತನ ಮಾಡಿದಳು. ಕೈಯಲ್ಲಿ ನಾಲ್ಕು ಕಾಸು ಆಡಿ ಮನೆಗೆ ಮತ್ತೆ ಮಾಂಸ ಬರತೊಡಗಿದಾಗ ಕಾಕಾನ ಹಾಗೆಯೇ ಖಾರ ಹುರಿದು ಅಡುಗೆ ಮಾಡಿದಳು. ಒಂದು ಹನಿಯನ್ನೂ ನಾಲಿಗೆಗೆ ಹಚ್ಚಲಿಲ್ಲ. ಮಾಡಿಟ್ಟು, ತಲೆಗೆ ನೀರು ಹಾಕಿಕೊಂಡು, ತನ್ನ ಒಲೆಯ ಹತ್ತಿರ ಒಬ್ಬಳೇ ಕುಳಿತು ಉಣ್ಣುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಅವರು ಉಣ್ಣುವುದನ್ನು ನಾವು ಯಾರೂ ನೋಡಿರುವುದಿಲ್ಲ.

ಈಗ ಆ ಮನೆಯಿಲ್ಲ. ಆ ಜಾಗದಲ್ಲಿ ಯಾರದೋ ಮೊಬೈಲ್ ಅಂಗಡಿಯಿದೆ. ಅಪ್ಪ ಹೋದ ಮೇಲೆ ಅಲ್ಲಿ ಅವ್ವ, ಚಿಗವ್ವ ಇಬ್ಬರೇ ಇದ್ದರು. ಚಿಗವ್ವ ತೀರಿದ್ದೂ ಅಲ್ಲೇ. ನಮ್ಮಲ್ಲಿ ಮೂರನೇ ದಿನ ಸತ್ತವರಿಗೆ ಮಾಂಸದ ಎಡೆ ಇಡುತ್ತಾರೆ. ಬಂಧುಗಳು ಕುರಿಯ ಮಾತು ತೆಗೆದಾಗ ಅವ್ವ ಬೇಡವೆಂದಳು. ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿಸಿದಳು.

ಮಾನ್ವಿಯ ಅಣ್ಣನೂ ಬಂದಿದ್ದರು. ಮುದುಕರಾಗಿದ್ದರು. ಎಲ್ಲರೂ ಉಂಡೆದ್ದ ಮೇಲೆ ಮೆಲ್ಲಗೆ ಪಡಸಾಲೆಗೆ ಬಂದು ಕುಳಿತು, ತಾವಾಗಿಯೇ ಗಂಗಾಳವನ್ನು ಹತ್ತಿರಕ್ಕೆ ಎಳೆದುಕೊಂಡರು. ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ. ತುಣುಕನ್ನು ಕೈಯಲ್ಲೇ ಹಿಡಿದು, "ವಾರಾ ವಾರಾ ಇಲ್ಲಿ ಸಂತಿಗೆ ಬರ್ತಿದ್ದೆ. ಈ ಮನಿ ಮುಂದ ಹಾದು ಹೋಗ್ತಿದ್ದೆ" ಅಂದರು.

ಅವ್ವ ಅವರ ಗಂಗಾಳಕ್ಕೆ ಇನ್ನಷ್ಟು ಪಲ್ಯ ಬಡಿಸಿ, ಅವರು ಉಣ್ಣುವ ತನಕ ಎದುರಿಗೇ ಕುಳಿತಿದ್ದಳು.