ಸೋಪು ತಾಕಿದ ಚೀಲ

ನಮ್ಮ ಮನೆಯವರಿಗೆ ಕಾರಿನ ಹುಚ್ಚು. ಕಂಪನಿಯವರು ಕೊಟ್ಟಿದ್ದ ಏರ್ ಫಿಲ್ಟರ್ ಡಬ್ಬಿ ಕಿತ್ತು, ಹೊರಗಿನಿಂದ ತರಿಸಿದ ಉದ್ದನೆಯ ಪೈಪು ಹಾಕಿಸಿದ್ದರು. ಅದರ ತುದಿಯಲ್ಲಿ, ಬಂಪರಿನ ಹಿಂದೆ ತೀರಾ ಕೆಳಗೆ, ಹೊಸ ಫಿಲ್ಟರು. ಅಲ್ಲಿಂದ ತಣ್ಣನೆ ಗಾಳಿ ಎಳೆದುಕೊಂಡರೆ ಇಂಜಿನ್ನು ಹಾರಿಕೊಂಡು ಹೋಗುತ್ತದಂತೆ. "ಜಯಲಕ್ಷ್ಮಿಪುರಂನಿಂದ ಮಾರ್ಕೆಟ್ಟಿಗೆ ಯಾಕ್ರೀ ಹಾರ್ಬೇಕು?" ಅಂತ ನಾನು ಕಾಲೆಳೆಯುತ್ತಿದ್ದೆ. ಧೂಳು, ನೀರು ಹೋಗಬಾರದೆಂದು ಆ ಫಿಲ್ಟರಿಗೊಂದು ಕಪ್ಪು ಬಟ್ಟೆಯ ಚೀಲ ಬೇರೆ. ಬಿದ್ದ ನೀರು ಜಾರಿಹೋಗುವಂತೆ ಬಟ್ಟೆಗೆ ಏನೋ ಬಳಿದಿದ್ದರು. ಆಗಾಗ ಬಿಚ್ಚಿ, ಕೊಡವಿ, ಬರೀ ನೀರಲ್ಲಿ ಜಾಲಿಸಿ ಹಾಕುವುದು. ಸೋಪು ತಾಕಿಸುವಂತಿಲ್ಲ, ಬಳಿದದ್ದು ಕಿತ್ತುಹೋಗಿ ನೀರು ಒಳಗೆ ಹೋಗುತ್ತದಂತೆ. ಅಬ್ಬಬ್ಬಾ, ಕೂಸಿನ ಬಟ್ಟೆಗೂ ಅಷ್ಟು ಉಪಚಾರ ಮಾಡಿದವರಲ್ಲ!

ಆಯುಧಪೂಜೆ ಬಂತೆಂದರೆ ನಮ್ಮತ್ತೆ ಈಳಿಗೆಮಣೆಯಿಂದ ಮಿಕ್ಸಿಯವರೆಗೆ ಯಾವುದನ್ನೂ ತೊಳೆಯದೆ ಬಿಡುವವರಲ್ಲ. ಆ ವರ್ಷ ಇವರು ಚೀಲ ಬಿಚ್ಚಿ ಬಾನೆಟ್ಟಿನ ಮೇಲಿಟ್ಟು ಫೋನು ಬಂತೆಂದು ಒಳಗೆ ಹೋದರು. ಬರುವಷ್ಟರಲ್ಲಿ ಅದು ತಂತಿಯ ಮೇಲೆ ಒಣಗುತ್ತಿತ್ತು.

"ಎಷ್ಟು ಕೊಳೆ ಕಣೋ! ಸೋಪಿನ ಪುಡಿ ಹಾಕಿ ಚೆನ್ನಾಗಿ ಉಜ್ಜಿಬುಟ್ಟೆ," ಅಂದರು ಅತ್ತೆ, ಖುಷಿಯಾಗಿ.

ಇವರ ಮುಖ ಇಳಿದುಹೋಯಿತು. ಹಬ್ಬದ ದಿನ ಇನ್ನೊಂದು ಎಲ್ಲಿ ಸಿಗಬೇಕು, ಅದನ್ನೇ ಹಾಕಿದರು.

ಮಾರನೆಯ ದಿನ ವಿಜಯದಶಮಿ. ಅತ್ತೆಯನ್ನು ಬನ್ನಿಮಂಟಪಕ್ಕೆ ಪಂಜಿನ ಕವಾಯತಿಗೆ ಕರೆದೊಯ್ಯಬೇಕಿತ್ತು. ಮೈಸೂರಲ್ಲೇ ಹುಟ್ಟಿ, ಮೈಸೂರಿಗೇ ಸೊಸೆಯಾಗಿ ಬಂದು, ಅವರು ಅದನ್ನು ಒಮ್ಮೆಯೂ ನೋಡಿರಲಿಲ್ಲ. ದಸರಾ ನೋಡಲು ಬಂದ ನೆಂಟರಿಗೆಲ್ಲ ಬೇಯಿಸಿ ಹಾಕುವುದರಲ್ಲೇ ಅವರ ಪ್ರತಿ ದಸರೆಯೂ ಮುಗಿದುಹೋಗುತ್ತಿತ್ತು. ಈಗ ಮಂಡಿನೋವು. ಆದರೂ ಮಧ್ಯಾಹ್ನವೇ ರೇಷ್ಮೆ ಸೀರೆ ಉಟ್ಟು ಕುಳಿತಿದ್ದರು.

ದಾರಿಯಲ್ಲಿ ಮಳೆ ಧೋ ಎಂದು ಸುರಿಯಿತು. ಬನ್ನಿಮಂಟಪ ಇನ್ನೇನು ಬಂತು ಅನ್ನುವಾಗ, ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು. ಮುಂದಿನ ಗಾಡಿ ದಾಟಿತೆಂದು ಇವರೂ ಇಳಿಸಿದರು. ಕಾರು ಕೆಮ್ಮಿ ನಿಂತಿತು. ಏನು ಮಾಡಿದರೂ ಹೊರಡಲಿಲ್ಲ. ಒಳಗೂ ನೀರು ಬಂತು. ಅತ್ತೆ ಸೀರೆ ಎತ್ತಿ ಹಿಡಿದು, ನೋಯುವ ಕಾಲನ್ನು ಸೀಟಿನ ಮೇಲೆ ಮಡಚಿ ಕೂತರು. ಮಳೆ ನಿಂತ ಮೇಲೆ ಕಟ್ಟಡಗಳ ಆಚೆ ಕವಾಯತಿನ ಬಾಣಬಿರುಸಿನ ಸದ್ದು ಕೇಳಿಸಿತು. ಇವರು ಹಿಂದೆ ತಿರುಗಿ ಒದರಿದರು: "ಆ ಚೀಲ ಮುಟ್ಟು ಅಂತ ನಿಂಗ್ಯಾರಮ್ಮ ಹೇಳಿದ್ದು?"

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಎರಡು ದಿನ ಬಿಟ್ಟು, ಕಾರು ಬಿಚ್ಚಿ ನೋಡಿದ ಮೆಕ್ಯಾನಿಕ್ಕು ನಕ್ಕುಬಿಟ್ಟ. "ಚೀಲ ಏನ್ ಮಾಡುತ್ತೆ ಸಾರ್? ಅದು ಎರಚೋ ನೀರಿಗೆ ಮಾತ್ರ. ನೀವು ಫಿಲ್ಟರನ್ನೇ ಮುಳುಗಿಸಿದ್ದೀರಲ್ಲ. ಹೊಸ ಚೀಲ ಇದ್ದಿದ್ರೂ ಇಂಜಿನ್ ಹೋಗ್ತಿತ್ತು."

ಇವರು ಮನೆಗೆ ಓಡಿಬಂದು, "ನಿಂದೇನೂ ತಪ್ಪಿರಲಿಲ್ಲ ಕಣಮ್ಮ" ಅಂದರು. ಅತ್ತೆ "ಹೂಂ" ಅಂದು ಕೊತ್ತಂಬರಿ ಬಿಡಿಸುತ್ತಾ ಕೂತರು. ಮಗ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದೇ ಅವರು ನಂಬಿದ್ದು. ಇವರು ಆ ಪೈಪನ್ನೇ ತೆಗೆಸಿ ಹಳೇ ಡಬ್ಬಿ ಹಾಕಿಸಿದರು. ಮರುವರ್ಷ ಮತ್ತೆ ಕವಾಯತಿನ ಪಾಸು ತಂದರೆ, ಅತ್ತೆ "ಟೀವೀಲಿ ಹತ್ತಿರದಿಂದ ಕಾಣುತ್ತೆ ಬಿಡು" ಅಂದುಬಿಟ್ಟರು. ನಾನೂ ಗೋಗರೆದೆ, ಕೇಳಲಿಲ್ಲ. ಇವರು ಕಾರಲ್ಲಿ ಒದರಿದ ಆ ಒಂದು ಮಾತು ವಾಪಸ್ಸು ತಗೊಳ್ಳೋ ಹಾಗಿದ್ದಿದ್ದರೆ!

ಆ ಸಲದ ಆಯುಧಪೂಜೆಗೆ ಕಾರನ್ನು ಇವರೇ ತೊಳೆದರು. ಅತ್ತೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದು ಬಾನೆಟ್ಟಿನ ಮುಂದೆ ನಿಂತರು. ಬೆರಳು ಚಾಚಿದವರು ಹಿಂದಕ್ಕೆ ಎಳೆದುಕೊಂಡರು. ತಾವೇ ಹೆತ್ತ ಮಗನ ಮುಖ ನೋಡಿ ಮೆಲ್ಲಗೆ ಕೇಳಿದರು: "ಇಲ್ಲಿ ಮುಟ್ಟಬಹುದೇನಪ್ಪಾ?"